ಕಟ್ಟಿಗೆಯನ್ನು ಕೇಳಿದವರು ಯಾರು?

ನಮ್ಮ ಕಡೆಯ ಕಿರಾಣಿ ಅಂಗಡಿಗಳಲ್ಲಿ, ಕ್ಷೌರದಂಗಡಿಯ ಕನ್ನಡಿಯ ಪಕ್ಕದಲ್ಲಿ ‘ಗೀತಾಸಾರ’ ಎಂಬ ಪಟ ತೂಗುಹಾಕಿರುವುದನ್ನು ನೀವೂ ನೋಡಿರುತ್ತೀರಿ. ಕೃಷ್ಣನ ರಥ, ಮಂಡಿಯೂರಿದ ಅರ್ಜುನ, ಕೆಳಗೆ ಹತ್ತು ಹನ್ನೆರಡು ಸಾಲು. ಆ ಸಾಲುಗಳು ಗೀತೆಯ ಯಾವ ಶ್ಲೋಕದ ನೇರ ಅನುವಾದವೂ ಅಲ್ಲ. ಆದರೂ ಲಕ್ಷಾಂತರ ಜನರಿಗೆ ಗೀತೆ ಎಂದರೆ ಅದೇ. ಬದಲಾಗುವುದು ಜಗತ್ತಿನ ನಿಯಮ ಎಂಬುದು ಅದರ ಒಟ್ಟು ಭಾವ. ಅದರ ಬಗ್ಗೆ ನನಗೆ ತಕರಾರಿಲ್ಲ. ಹೆರಾಕ್ಲಿಟಸ್ ಹೇಳಿದ್ದೂ, ಬುದ್ಧ ಅನಿತ್ಯವೆಂದು ಹೇಳಿದ್ದೂ ಹೆಚ್ಚು ಕಡಿಮೆ ಅದೇ ದಿಕ್ಕಿನಲ್ಲಿದೆ.

ತಕರಾರು ಇರುವುದು ಅದರ ಇತ್ತೀಚಿನ ರೂಪದ ಬಗ್ಗೆ. ಕಾಲೇಜುಗಳ ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ, ಮೊಬೈಲಿನ ಅರ್ಧ ನಿಮಿಷದ ವಿಡಿಯೋಗಳಲ್ಲಿ ಆ ಮಾತು ಒಂದು ಹೆಜ್ಜೆ ಮುಂದೆ ಹೋಗಿದೆ: ಬದಲಾವಣೆಯನ್ನು ಅಪ್ಪಿಕೊಳ್ಳಿ, ಆಗ ಬೆಳೆಯುತ್ತೀರಿ. ಪಟದಲ್ಲಿದ್ದದ್ದು ಒಂದು ಸಂಗತಿ, ಇಲ್ಲಿರುವುದು ಒಂದು ಆಜ್ಞೆ. ಗುರುತ್ವಾಕರ್ಷಣೆಯೂ ಜಗತ್ತಿನ ನಿಯಮವೇ. ಅದನ್ನು ಪ್ರೀತಿಸಿ ಎಂದು ಯಾರೂ ಹೇಳುವುದಿಲ್ಲ. ಮಾಳಿಗೆಯಿಂದ ಇಳಿಯುವಾಗ ಮೆಟ್ಟಿಲು ನೋಡಿಕೊಂಡು ಇಳಿಯಿರಿ ಎನ್ನುತ್ತಾರೆ. ನಿಯಮ ಎಂದ ಮಾತ್ರಕ್ಕೆ ಅದು ಒಳ್ಳೆಯದು ಎಂದಾಗುವುದಿಲ್ಲ. ನಡುವೆ ಇನ್ನೊಂದು ವಾದ ಬೇಕು, ಅದನ್ನು ಯಾರೂ ಕೊಡುವುದಿಲ್ಲ.

ಕೊಟ್ಟವರಲ್ಲಿ ದೊಡ್ಡವನು ರೋಮ್ ಸಾಮ್ರಾಜ್ಯದ ಚಕ್ರವರ್ತಿ ಮಾರ್ಕಸ್ ಅರೇಲಿಯಸ್. ಎರಡನೇ ಶತಮಾನದಲ್ಲಿ ಅವನು ತನಗೆ ತಾನೇ ಬರೆದುಕೊಂಡ ಟಿಪ್ಪಣಿಗಳ ಏಳನೇ ಭಾಗದಲ್ಲಿ ಈ ಪ್ರಶ್ನೆ ಎತ್ತುತ್ತಾನೆ. ಬದಲಾವಣೆಗೆ ಏಕೆ ಹೆದರಬೇಕು ಎಂದು ಕೇಳಿಕೊಂಡು, ಕಟ್ಟಿಗೆ ಬೂದಿಯಾಗದಿದ್ದರೆ ಸ್ನಾನದ ನೀರು ಕಾಯುವುದಿಲ್ಲ, ಅನ್ನ ರೂಪ ಬದಲಿಸದಿದ್ದರೆ ಹೊಟ್ಟೆ ತುಂಬುವುದಿಲ್ಲ ಎಂಬರ್ಥದ ಉದಾಹರಣೆಗಳನ್ನು ಕೊಡುತ್ತಾನೆ. ಎಂ.ಎ. ಓದುವಾಗ ಮೊದಲ ಸಲ ಇದನ್ನು ಓದಿ ತಲೆದೂಗಿದ್ದೆ. ಆಮೇಲೆ ಯಾವಾಗಲೋ ಒಂದು ಸಂಗತಿ ಹೊಳೆಯಿತು. ಮಾರ್ಕಸ್ ಸ್ನಾನ ಮಾಡುತ್ತಿದ್ದವನು. ಒಲೆಯಲ್ಲಿ ಇದ್ದದ್ದು ಕಟ್ಟಿಗೆ. ಬದಲಾವಣೆ ಒಳ್ಳೆಯದೇ ಎಂದು ನೀರಿನಲ್ಲಿ ಕೂತವನು ಹೇಳಿದ್ದಾನೆ. ಕಟ್ಟಿಗೆಯನ್ನು ಯಾರೂ ಕೇಳಲಿಲ್ಲ.

ಅವನಿಗೆ ಅನ್ಯಾಯ ಮಾಡಬಾರದು. ಸ್ಟೋಯಿಕ್ ಆದ ಅವನು ತನ್ನನ್ನೂ ಒಂದು ದಿನ ಉರಿಯಲಿರುವ ಕಟ್ಟಿಗೆ ಎಂದೇ ತಿಳಿದಿದ್ದ. ತನ್ನ ಹಲವು ಮಕ್ಕಳ ಸಾವನ್ನು ಕಂಡವನು. ಹಾಗಾಗಿ ಅವನ ಬಾಯಲ್ಲಿ ಆ ಮಾತಿಗೆ ತೂಕವಿದೆ. ಅದೇ ಮಾತನ್ನು ಇನ್ನೊಬ್ಬರಿಗೆ ಉಪದೇಶವಾಗಿ ಹೇಳಿದಾಗ ಮಾತ್ರ ಯಾರು ನೀರಿನಲ್ಲಿದ್ದಾರೆ, ಯಾರು ಒಲೆಯಲ್ಲಿದ್ದಾರೆ ಎಂದು ನೋಡಬೇಕಾಗುತ್ತದೆ.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಹೆಸರಲ್ಲಿ ಹಳ್ಳಿ ಇದೆ, ಊರಲ್ಲಿ ಇಲ್ಲ. ನಗರ ಬೆಳೆಯುತ್ತ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡು ಎಷ್ಟೋ ಕಾಲವಾಯಿತು. ಇಲ್ಲಿನ ದೊಡ್ಡ ಗುರುತು ಇ.ಎಸ್.ಐ. ಆಸ್ಪತ್ರೆ. ಹೊರಗಿನವರಿಗೆ ಅದು ಬರೀ ಆಸ್ಪತ್ರೆ. ನಮ್ಮ ಓಣಿಯ ಹಿರಿಯರಿಗೆ ಅದು ಮಿಲ್ಲಿನವರ ಆಸ್ಪತ್ರೆ. 1948ರ ಕಾನೂನಿನಂತೆ ಕಾರ್ಮಿಕರ ವಿಮೆಗಾಗಿ ಬಂದ ವ್ಯವಸ್ಥೆ ಅದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಸಾವಿರಾರು ಜನ ಪಾಳಿಯ ಮೇಲೆ ಇಲ್ಲಿನ ಹತ್ತಿ ಗಿರಣಿಗಳಿಗೆ ಹೋಗಿ ಬರುತ್ತಿದ್ದರು. ಗಡಿಯಾರ ಇಲ್ಲದ ಮನೆಗಳಲ್ಲೂ ಮಿಲ್ಲಿನ ಸೈರನ್ ಕೇಳಿ ಒಲೆ ಹಚ್ಚುತ್ತಿದ್ದರಂತೆ. ಈಗ ಮಿಲ್ಲುಗಳು ಇಲ್ಲ, ಮಿಲ್ಲಿನವರ ಆಸ್ಪತ್ರೆ ಇದೆ. ಶೋರೂಮಿನ ಹುಡುಗಿಯರು, ಸೆಕ್ಯೂರಿಟಿ ಏಜೆನ್ಸಿಯ ಗಾರ್ಡುಗಳು ಅಲ್ಲಿ ಚೀಟಿ ಹಿಡಿದು ಸರತಿಯಲ್ಲಿ ನಿಲ್ಲುತ್ತಾರೆ.

ಗಿರಣಿಗಳು ಒಂದೊಂದಾಗಿ ಏಕೆ ಮುಚ್ಚಿದವು ಎಂಬುದಕ್ಕೆ ಒಂದೇ ಕಾರಣವಿಲ್ಲ. ಯಂತ್ರಗಳು ಹಳೆಯವಾಗಿದ್ದವು, ವಿದ್ಯುತ್ ಮಗ್ಗಗಳ ಪೈಪೋಟಿ ಬಂತು, ಹತ್ತಿಯ ಜಾಗಕ್ಕೆ ಕೃತಕ ನೂಲು ಬಂತು. ಭದ್ರಾ ಕಾಲುವೆಯ ನೀರು ಹರಿದ ಮೇಲೆ ಸುತ್ತಲಿನ ಹೊಲಗಳು ಗದ್ದೆಗಳಾದವು. ಅದೇ ಹೊತ್ತಿಗೆ ನಗರ ಇನ್ನೊಂದು ದಿಕ್ಕಿನಲ್ಲಿ ಬೆಳೆಯುತ್ತಿತ್ತು. 1951ರಲ್ಲಿ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 2009ರಲ್ಲಿ ತೋಳಹುಣಸೆಯ ವಿಶ್ವವಿದ್ಯಾನಿಲಯ. ನೂಲಿನ ಊರು ವಿದ್ಯೆಯ ಊರಾಯಿತು. ಭಾಷಣಗಳಲ್ಲಿ ಈ ಕತೆಯನ್ನು ಹೇಳುವಾಗ ಎರಡು ವಾಕ್ಯ ಸಾಕಾಗುತ್ತದೆ, ನಡುವೆ ಒಂದು ಅಲ್ಪವಿರಾಮ. ಆ ಅಲ್ಪವಿರಾಮದಲ್ಲಿ ನಮ್ಮ ಮನೆ ಇತ್ತು.

ನಮ್ಮಜ್ಜ ಒಂದು ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿದ್ದರು. ಸೇರಿದ್ದು ‘ಬದಲಿ’ಯಾಗಿ. ಗಿರಣಿಗಳ ಭಾಷೆಯಲ್ಲಿ ಬದಲಿ ಎಂದರೆ ಕಾಯಂ ಅಲ್ಲದವನು. ಬೆಳಿಗ್ಗೆ ಗೇಟಿನ ಮುಂದೆ ನಿಲ್ಲಬೇಕು. ಒಳಗೆ ಯಾರಾದರೂ ರಜೆ ಹಾಕಿದ್ದರೆ ಅವನ ಬದಲಿಗೆ ಇವನನ್ನು ಕರೆಯುತ್ತಾರೆ, ಇಲ್ಲದಿದ್ದರೆ ಮನೆಗೆ ವಾಪಸು. ಅಜ್ಜ ವರ್ಷಗಟ್ಟಲೆ ಹಾಗೆ ನಿಂತು ಆಮೇಲೆ ಕಾಯಂ ಆದವರು. ನಾನು ಕನ್ನಡ ಅಧ್ಯಯನದ ವಿದ್ಯಾರ್ಥಿನಿಯಾದ್ದರಿಂದ ಈ ಪದದ ಬೇರು ಹುಡುಕಿಕೊಂಡು ಹೋದೆ. ಬದಲಿ, ಬದಲು, ಬದಲಾವಣೆ ಎಲ್ಲದರ ಮೂಲ ಅರಬ್ಬಿಯ ‘ಬದಲ್’. ಅದರ ಅರ್ಥ ವಿನಿಮಯ, ಒಂದರ ಜಾಗಕ್ಕೆ ಇನ್ನೊಂದು. ಅಂದರೆ ಬದಲಾವಣೆ ಎಂಬ ಮಾತಿನೊಳಗೇ ಒಂದು ಲೆಕ್ಕವಿದೆ: ಏನು ಕೊಟ್ಟೆ, ಅದರ ಬದಲಿಗೆ ಏನು ಬಂತು? ಶಿಬಿರದ ಉಪನ್ಯಾಸಕರು ಹೇಳುವ ಬದಲಾವಣೆಯಲ್ಲಿ ಈ ಲೆಕ್ಕ ಕಾಣುವುದಿಲ್ಲ. ಅಲ್ಲಿ ಬರುವುದು ಮಾತ್ರ ಇದೆ, ಹೋಗುವುದು ಇಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಇನ್ನೊಂದು ಮಾತು ‘ಮಾರ್ಪಾಡು’. ಅದರಲ್ಲಿ ‘ಪಾಡು’ ಇದೆ. ನನಗೆ ಅದೂ ಇಷ್ಟ.

ಮಿಲ್ ನಿಂತಾಗ ಅಜ್ಜನಿಗೆ ಐವತ್ತರ ಆಸುಪಾಸು. ನಾನು ಹುಟ್ಟುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಅವರ ಕೈಗೆ ಗೊತ್ತಿದ್ದದ್ದು ಒಂದು ಕೆಲಸ: ಸುತ್ತುತ್ತಿರುವ ಸಾಲು ಕದಿರುಗಳ ಮುಂದೆ ನಡೆಯುತ್ತ, ಯಾವ ನೂಲು ಕಡಿಯಿತೆಂದು ಕಣ್ಣಳತೆಯಲ್ಲೇ ಹಿಡಿದು, ಯಂತ್ರ ನಿಲ್ಲಿಸದೆ ಎರಡು ಬೆರಳಲ್ಲಿ ಹೊಸೆದು ಕೂಡಿಸುವುದು. ಈಗಲೂ ಮಾತಾಡುತ್ತ ಕೂತಾಗ ಹೆಬ್ಬೆರಳು ತೋರುಬೆರಳು ತಾವಾಗಿಯೇ ಉಜ್ಜಿಕೊಳ್ಳುತ್ತವೆ. ಆ ಕೌಶಲ ಯಂತ್ರದ ಜೊತೆ ಮದುವೆಯಾದದ್ದು. ಯಂತ್ರಗಳು ಗುಜರಿಗೆ ಹೋದವು. ಅಜ್ಜ ಒಂದು ಕಾಲೇಜಿನಲ್ಲಿ ರಾತ್ರಿ ಕಾವಲುಗಾರರಾದರು. ನೂಲಿನ ಊರು ವಿದ್ಯೆಯ ಊರಾಗಿದ್ದನ್ನು ಅವರು ಅಕ್ಷರಶಃ ಗೇಟಿನಲ್ಲಿ ನಿಂತು ನೋಡಿದರು.

ಅದೇ ಮನೆಯಲ್ಲಿ ಅಜ್ಜಿ ಇದ್ದರು. ಮಿಲ್ ನಡೆಯುವಷ್ಟು ದಿನ ಅವರು ಸಂತೆಗೂ ಒಬ್ಬರೇ ಹೋದವರಲ್ಲ. ಪಗಾರ ಎಷ್ಟು ಬರುತ್ತದೆಂದು ಕೂಡ ಸರಿಯಾಗಿ ಗೊತ್ತಿರಲಿಲ್ಲವಂತೆ. ಪಗಾರ ನಿಂತ ಮೇಲೆ ಜೋಳದ ರೊಟ್ಟಿ ತಟ್ಟಿ ಮಾರತೊಡಗಿದರು. ಊರಿಗೆ ಹೊರಗಿನಿಂದ ಓದಲು ಬಂದ ಹುಡುಗರಿದ್ದರು. ಕೊಪ್ಪಳ, ಗದಗ, ರಾಯಚೂರಿನ ಕಡೆಯ ಆ ಹುಡುಗರಿಗೆ ಮೆಸ್ಸಿನ ಅನ್ನ ಹಿಡಿಸುತ್ತಿರಲಿಲ್ಲ. ಅಜ್ಜಿ ಮೊದಲು ಇಪ್ಪತ್ತು ರೊಟ್ಟಿ, ಆಮೇಲೆ ಐವತ್ತು, ಆಮೇಲೆ ಓಣಿಯ ಇಬ್ಬರು ಹೆಂಗಸರನ್ನು ಜೊತೆಗಿಟ್ಟುಕೊಂಡು ದಿನಕ್ಕೆ ಇನ್ನೂರು. ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲಿನ ಗೀಟು. ಐದು ಗೀಟಿಗೊಂದು ಅಡ್ಡಗೀಟು. ಕೆಲವು ವರ್ಷಗಳ ಬಳಿಕ ಬ್ಯಾಂಕಿನಲ್ಲಿ ಖಾತೆ, ಹೆಬ್ಬೆಟ್ಟಿನ ಬದಲು ಸಹಿ. ನನ್ನ ಎಂ.ಎ. ಶುಲ್ಕ ಹೋದದ್ದು ಆ ಖಾತೆಯಿಂದ.

ಒಂದೇ ಘಟನೆ, ಒಂದೇ ಸೂರು. ಒಬ್ಬರು ಬೆಳೆದರು, ಒಬ್ಬರು ಸವೆದರು. ಅಜ್ಜಿ ಬದಲಾವಣೆಯನ್ನು ಅಪ್ಪಿಕೊಂಡರು, ಅಜ್ಜ ಅಪ್ಪಿಕೊಳ್ಳಲಿಲ್ಲ ಎಂದು ಬರೆದರೆ ಶಿಬಿರಕ್ಕೆ ಒಳ್ಳೆಯ ಕತೆಯಾಗುತ್ತದೆ. ಆದರೆ ಅದು ಸುಳ್ಳು. ಅಜ್ಜಿ ಆ ವರ್ಷ ಒಲೆಯ ಮುಂದೆ ಕೂತು ಅತ್ತದ್ದನ್ನು ನಮ್ಮಮ್ಮ ನೋಡಿದ್ದಾರೆ. ಅಜ್ಜಿಗೆ ಇದ್ದದ್ದು ಬೇರೆ ಮನೋಭಾವವಲ್ಲ, ಬೇರೆ ನೆಲ. ಅವರ ಕೌಶಲ ಯಾವ ಮಾಲೀಕನ ಯಂತ್ರಕ್ಕೂ ಅಂಟಿಕೊಂಡಿರಲಿಲ್ಲ. ಹಂಚು ಅವರದ್ದು, ಕೈ ಅವರದ್ದು. ಅವರು ಮಾಡುವ ವಸ್ತುವಿಗೆ ಅದೇ ಹೊತ್ತಿಗೆ ಊರಲ್ಲಿ ಬೇಡಿಕೆ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಮೂಲೆ ಅಂಗಡಿಯವರು ಮೊದಲ ಚೀಲ ಜೋಳವನ್ನು ಉದ್ರಿ ಕೊಟ್ಟರು. ಆ ಉದ್ರಿ ಇರದಿದ್ದರೆ ಅಜ್ಜಿಯ ಧೈರ್ಯ ಎಷ್ಟಿದ್ದರೂ ಹಂಚು ಬಿಸಿಯಾಗುತ್ತಿರಲಿಲ್ಲ.

ಅಜ್ಜನನ್ನು ನಾನು ಒಮ್ಮೆ ನೇರವಾಗಿಯೇ ಕೇಳಿದೆ, ಸಂಶೋಧಕರು ಕೇಳುವ ಧಾಟಿಯಲ್ಲಿ: ಮಿಲ್ ಮುಚ್ಚಿದ್ದನ್ನು ನೀವು ಹೇಗೆ ಸ್ವೀಕರಿಸಿದಿರಿ? ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಸ್ವೀಕಾರ ಮಾಡಾಕೆ ಅದೇನು ಹಾರ ಏನವ್ವಾ? ಬಂತು, ನಿಂತ್ವಿ.”

ನಿಂತ್ವಿ. ಈ ಒಂದು ಕ್ರಿಯಾಪದ ನನಗೆ ಬಹಳ ದಿನ ಕಾಡಿತು. ಅಪ್ಪಿಕೊಳ್ಳುವುದಕ್ಕೂ ತಳ್ಳಿಹಾಕುವುದಕ್ಕೂ ನಡುವೆ ನಿಲ್ಲುವುದು ಎಂಬ ಮೂರನೆಯದೊಂದು ಇದೆ. ಅದಕ್ಕೆ ನಮ್ಮ ವಿಕಸನದ ಪುಸ್ತಕಗಳಲ್ಲಿ ಅಧ್ಯಾಯವಿಲ್ಲ. ಯಾಕೆಂದರೆ ನಿಂತವನು ಮುಂದೆ ಹೋದಂತೆ ಕಾಣುವುದಿಲ್ಲ. ಆದರೆ ಆರು ಜನರ ಮನೆ ಬೀಳದೆ ಇದ್ದದ್ದು ಒಬ್ಬರು ನಿಂತದ್ದರಿಂದಲೂ ಹೌದು.

ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎಂಬ ಹಳಹಳಿಕೆಗೂ ನಾನು ಸಹಿ ಹಾಕಲಾರೆ. ಗಿರಣಿಯ ಒಳಗೆ ಹತ್ತಿಯ ಧೂಳು ಹೊಗೆಯಂತೆ ತೇಲುತ್ತಿರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬರುವ ಶ್ವಾಸಕೋಶದ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ಬಿಸಿನೋಸಿಸ್ ಎಂಬ ಹೆಸರಿದೆ. ಅದರ ವಿಚಿತ್ರವೆಂದರೆ ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿತ ಹೆಚ್ಚು. ಹಾಗಾಗಿ ಇಂಗ್ಲಿಷಿನಲ್ಲಿ ಅದಕ್ಕೆ ಸೋಮವಾರದ ಜ್ವರ ಎಂದೂ ಕರೆಯುವುದುಂಟು. ನಿಟ್ಟುವಳ್ಳಿಯ ಆಸ್ಪತ್ರೆಯ ಸಾಲಿನಲ್ಲಿ ಕೆಮ್ಮುತ್ತ ನಿಂತವರಲ್ಲಿ ನಮ್ಮಜ್ಜನೂ ಒಬ್ಬರು. ಮಿಲ್ ಮುಚ್ಚಿದ ಎರಡು ವರ್ಷಕ್ಕೆ ಅವರ ಕೆಮ್ಮು ಇಳಿಯಿತು. ಮನಸ್ಸು ಒಪ್ಪದ ಬದಲಾವಣೆಯನ್ನು ಪುಪ್ಪುಸ ಒಪ್ಪಿಕೊಂಡಿತ್ತು. ಇದನ್ನು ಅವರ ಮುಂದೆ ಹೇಳಿದರೆ ನಗುತ್ತಾರೆ, ಹೌದು ಎನ್ನುವುದಿಲ್ಲ.

ಇನ್ನು ನನ್ನ ಬದಲಾವಣೆಯ ವಿಷಯ. ನನ್ನದು ಆಯ್ಕೆಯ ಬದಲಾವಣೆ, ಯಾರೂ ಒಲೆಗೆ ತಳ್ಳಲಿಲ್ಲ. ಆದರೆ ಆಯ್ಕೆಯಲ್ಲೂ ಒಂದು ಗೋಜಲಿದೆ. ಅಮೆರಿಕದ ತತ್ವಶಾಸ್ತ್ರಜ್ಞೆ ಎಲ್.ಎ. ಪಾಲ್ 2014ರಲ್ಲಿ ಪರಿವರ್ತಕ ಅನುಭವಗಳ ಬಗ್ಗೆ ಒಂದು ಪುಸ್ತಕ ಬರೆದರು. ಅವರ ವಾದ ಸ್ಥೂಲವಾಗಿ ಹೀಗಿದೆ: ಕೆಲವು ಅನುಭವಗಳು, ಉದಾಹರಣೆಗೆ ತಾಯಿಯಾಗುವುದು, ನಮ್ಮ ಬಯಕೆಗಳನ್ನೇ ಬದಲಿಸಿಬಿಡುತ್ತವೆ. ಆ ಅನುಭವ ಹೇಗಿರುತ್ತದೆಂದು ಮುಂಚೆ ತಿಳಿಯಲು ಸಾಧ್ಯವಿಲ್ಲ. ಆಮೇಲೆ ಬರುವ ‘ನಾನು’ವಿಗೆ ಏನು ಇಷ್ಟವಾಗುತ್ತದೆಂದೂ ತಿಳಿಯುವುದಿಲ್ಲ. ಹಾಗಿದ್ದರೆ ವಿವೇಕದಿಂದ ಆಯ್ದುಕೊಳ್ಳುವುದು ಎಂದರೇನು?

ಓದು ಕೂಡ ಅಂಥದ್ದೇ ಒಂದು ಅನುಭವ ಎಂದು ನನಗನ್ನಿಸುತ್ತದೆ. ಮೊದಲ ತಲೆಮಾರಿನವರಾಗಿ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದವರಿಗೆ ವಿಶೇಷವಾಗಿ. ನಾನು ಬೆಳೆದಿದ್ದೇನೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆದರೆ ಹಾಗೆ ತೀರ್ಪು ಕೊಡುತ್ತಿರುವವಳು ಯಾರು? ಬೆಳೆದ ಮೇಲಿನ ನಾನು. ಅವಳ ಅಳತೆಗೋಲೂ ಆ ಬೆಳವಣಿಗೆಯ ಜೊತೆಗೇ ಬಂದದ್ದು. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡ ಹಾಗೆ. ಹಳೆಯ ನಾನು, ಓಣಿಯ ದುಗ್ಗಮ್ಮನ ಜಾತ್ರೆಗೆ ಎರಡು ವರ್ಷ ಕಾಯುತ್ತಿದ್ದ ಹುಡುಗಿ, ಇವತ್ತಿನ ನನ್ನನ್ನು ನೋಡಿದರೆ ಏನನ್ನುತ್ತಿದ್ದಳು? ಈಗ ನಾನು ಜಾತ್ರೆಗೆ ಹೋಗುವುದು ನೋಟ್‌ಬುಕ್ ಹಿಡಿದುಕೊಂಡು. ಅಮ್ಮ ಒಮ್ಮೆ, “ನೀ ಈಗ ಪುಸ್ತಕ ಓದಿದಂಗ ಮಾತಾಡ್ತಿ” ಎಂದರು. ಹೊಗಳಿದ್ದೋ ದೂರಿದ್ದೋ ಗೊತ್ತಾಗಲಿಲ್ಲ, ಕೇಳಲೂ ಇಲ್ಲ.

ಹಾಗಾಗಿ ಬೆಳವಣಿಗೆಗೆ ಹೊರಗಿನ ಸಾಕ್ಷಿ ಬೇಕು ಎಂದು ನಾನು ನಂಬತೊಡಗಿದ್ದೇನೆ. ಬದಲಾಗುವ ಮೊದಲು ನಮ್ಮನ್ನು ಬಲ್ಲವರು, ಬದಲಾದ ಮೇಲೂ ನಮ್ಮ ಹೆಸರು ಹಿಡಿದು ಕರೆಯುವವರು. ಅವರಿಗೆ ನಾವು ಉತ್ತರ ಹೇಳಬಲ್ಲೆವಾದರೆ ಬೆಳೆದಿದ್ದೇವೆ. ಅವರ ಕಣ್ಣು ತಪ್ಪಿಸುತ್ತಿದ್ದೇವಾದರೆ ಬರೀ ಬೇರೆಯಾಗಿದ್ದೇವೆ.

‘ಮಿಲಿಂದಪನ್ಹ’ ಎಂಬ ಪಾಲಿ ಗ್ರಂಥದಲ್ಲಿ ನಾಗಸೇನನೆಂಬ ಭಿಕ್ಷು ಗ್ರೀಕ್ ಮೂಲದ ರಾಜ ಮಿಲಿಂದನಿಗೆ ಕೊಡುವ ಒಂದು ದೃಷ್ಟಾಂತ ಇಲ್ಲಿ ನೆನಪಾಗುತ್ತದೆ. ಬೆಣ್ಣೆದೋಸೆಯ ಊರಿನವಳಿಗೆ ಇದು ನೆನಪಾಗದೆ ಇರುವುದು ಕಷ್ಟ. ಹಾಲು ಮೊಸರಾಗುತ್ತದೆ, ಮೊಸರಿನಿಂದ ಬೆಣ್ಣೆ, ಬೆಣ್ಣೆಯಿಂದ ತುಪ್ಪ. ತುಪ್ಪವೇ ಹಾಲು ಎನ್ನುವಂತಿಲ್ಲ, ಹಾಲಿಲ್ಲದೆ ತುಪ್ಪ ಬಂದಿತು ಎನ್ನುವಂತೆಯೂ ಇಲ್ಲ. ಎಲ್ಲರೂ ಉಲ್ಲೇಖಿಸುವುದು ಇಷ್ಟನ್ನು. ಅದೇ ಗ್ರಂಥದಲ್ಲಿ ಹಾಲಿನದೇ ಇನ್ನೊಂದು ಕತೆ ಇದೆ, ನನಗೆ ಅದು ಹೆಚ್ಚು ಮುಖ್ಯ. ಒಬ್ಬ ಗೋವಳನಿಂದ ಒಂದು ಗಡಿಗೆ ಹಾಲು ಕೊಂಡು, ನಾಳೆ ಒಯ್ಯುತ್ತೇನೆಂದು ಅವನ ಬಳಿಯೇ ಬಿಟ್ಟು ಹೋಗುತ್ತಾನೆ. ಮರುದಿನ ಬಂದರೆ ಅದು ಮೊಸರಾಗಿದೆ. ನಾನು ಕೊಂಡದ್ದು ಹಾಲು, ಇದು ನನ್ನದಲ್ಲ, ಹಾಲು ಕೊಡು ಎಂದು ಜಗಳ ತೆಗೆಯುತ್ತಾನೆ. ನಾಗಸೇನ ಕೇಳುತ್ತಾನೆ: ರಾಜ, ನೀನು ಯಾರ ಪರ? ಗೋವಳನ ಪರ ಎನ್ನುತ್ತಾನೆ ರಾಜ, ಏಕೆಂದರೆ ಈ ಮೊಸರು ಆ ಹಾಲಿನಿಂದಲೇ ಆದದ್ದು. ನಾಗಸೇನ ಇದರಿಂದ ತೋರಿಸಲು ಹೊರಟದ್ದು, ಈ ಜನ್ಮ ಕಳೆದು ಬೇರೆಯಾದೆನೆಂದು ಯಾರೂ ಹಳೆಯ ಕರ್ಮದಿಂದ ಬಿಡಿಸಿಕೊಳ್ಳಲಾರರು ಎಂಬುದನ್ನು.

ಜನ್ಮಾಂತರದ ಮಾತು ಬದಿಗಿರಲಿ. ರೂಪ ಬದಲಾದರೂ ಲೆಕ್ಕ ಮುಂದುವರಿಯುತ್ತದೆ ಎಂಬುದು ಈ ಒಂದೇ ಜನ್ಮಕ್ಕೂ ಸಾಕಾಗುವಷ್ಟು ಗಟ್ಟಿಯಾದ ವಿಚಾರ. ಓಣಿಯಲ್ಲಿ ಮಿಲ್ ಬಾಕಿಗಾಗಿ, ಗ್ರಾಚ್ಯುಟಿಗಾಗಿ ಫೈಲು ಹಿಡಿದು ವರ್ಷಗಟ್ಟಲೆ ಅಲೆದವರಿದ್ದರು. ಅವರಿಗೆ ಸಿಗುತ್ತಿದ್ದ ಉತ್ತರ ಒಂದೇ ಬಗೆಯದು: ಆ ಕಂಪನಿ ಈಗ ಇಲ್ಲ, ಆ ಜಾಗ ಈಗ ಬೇರೆಯವರದು, ಕಾಲ ಬದಲಾಗಿದೆ. ಬದಲಾವಣೆ ಇಲ್ಲಿ ತತ್ವವಲ್ಲ, ಸಾಲ ತೀರಿಸದಿರುವ ಉಪಾಯ. ವ್ಯಕ್ತಿಗಳೂ ಇದನ್ನೇ ಮಾಡುತ್ತೇವೆ. ನಾನೀಗ ಮೊದಲಿನವನಲ್ಲ ಎನ್ನುವವನ ಮಾತಿನಲ್ಲಿ ಎಷ್ಟೋ ಸಲ ಮೊದಲಿನವನು ಮಾಡಿದ ಸಾಲದ ವಾಸನೆ ಇರುತ್ತದೆ. ನನ್ನ ಮಟ್ಟಿಗೆ, ಹಳೆಯ ಲೆಕ್ಕವನ್ನು ಹೊತ್ತುಕೊಂಡು ದಾಟುವುದೇ ಬೆಳವಣಿಗೆ. ಲೆಕ್ಕವನ್ನು ಈಚೆ ದಡದಲ್ಲಿ ಬಿಟ್ಟು ಹೋಗುವುದು ಪಲಾಯನ.

ಇಲ್ಲಿ ಒಂದು ಅಡ್ಡಮಾತು. ಬದಲಾದದ್ದೆಲ್ಲ ಬದಲಾವಣೆಯೂ ಅಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಬಳ್ಳಾರಿಯ ಹರಪನಹಳ್ಳಿ ತಾಲ್ಲೂಕು ಇಲ್ಲಿಗೆ ಬಂತು. 371(ಜೆ) ವಿಧಿಯ ಸೌಲಭ್ಯಕ್ಕಾಗಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನನ್ನ ಜೊತೆ ಓದಿದ ಹರಪನಹಳ್ಳಿಯ ಗೆಳತಿ, “ನಮ್ಮಪ್ಪ ಕೂತ ಕಟ್ಟೆ ಬಿಟ್ಟು ಎದ್ದಿಲ್ಲ, ಜಿಲ್ಲೆ ಮೂರು ಸಲ ಬದಲಾತು” ಎಂದು ನಗುತ್ತಿದ್ದಳು.

ದಾವಣಗೆರೆಯಿಂದ ಹದಿನೈದು ಕಿಲೋಮೀಟರ್ ದೂರದ ಹರಿಹರದ ಕತೆ ನಮ್ಮೂರಿಗಿಂತ ಜಟಿಲ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅದು ಮಾಡುತ್ತಿದ್ದದ್ದು ಲೇತ್‌ಗಳನ್ನು, ಅಂದರೆ ಯಂತ್ರಗಳನ್ನು ಮಾಡುವ ಯಂತ್ರಗಳನ್ನು. ಅದರ ವಸತಿಗೆ ಯಂತ್ರಪುರ ಎಂದೇ ಹೆಸರು. ಅರವತ್ತು ವರ್ಷ ತುಂಬುವ ಹೊತ್ತಿಗೆ ಅದೂ ಬಾಗಿಲು ಹಾಕಿತು. ಅಲ್ಲಿನ ಕೆಲಸಗಾರರಲ್ಲಿ ಕೆಲವರು ಸಣ್ಣ ವರ್ಕ್‌ಶಾಪ್ ಹಾಕಿಕೊಂಡರು. ಲೇತ್ ಗೊತ್ತಿದ್ದವನ ಕೈಗೆ ಎಲ್ಲಿ ಹೋದರೂ ಕೆಲಸವಿತ್ತು, ನಮ್ಮಜ್ಜನ ಬೆರಳಿಗೆ ಇರಲಿಲ್ಲ. ಮತ್ತೆ ಅದೇ ಮಾತು: ಮನಸ್ಸಿನ ದಾರ್ಢ್ಯದಷ್ಟೇ ನೆಲದ ದಾರ್ಢ್ಯವೂ ಮುಖ್ಯ.

ಹರಿಹರದಿಂದ ತುಂಗಭದ್ರೆ ದಾಟಿದರೆ ಕುಮಾರಪಟ್ಟಣ. ಅಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ಮರದ ತಿರುಳಿನಿಂದ ನೂಲಾಗುವ ಪಲ್ಪ್ ತಯಾರಿಸುವ ಕಾರ್ಖಾನೆ ಅದು. ಒಂದು ದಂಡೆಯ ಊರಿನಲ್ಲಿ ಹತ್ತಿಯ ಗಿರಣಿಗಳು ಸುಸ್ತಾಗುತ್ತಿರುವಾಗ ಇನ್ನೊಂದು ದಂಡೆಯಲ್ಲಿ ಕಟ್ಟಿಗೆ ಬಟ್ಟೆಯಾಗತೊಡಗಿತ್ತು. ಮಾರ್ಕಸ್ ಕಂಡಿದ್ದರೆ ಬೆರಗಾಗುತ್ತಿದ್ದ. ಆ ಕಟ್ಟಿಗೆಗೆ ನೀಲಗಿರಿ ಬೇಕು, ನೀಲಗಿರಿಗೆ ನೆಲ ಬೇಕು. 1984ರಲ್ಲಿ ಸರ್ಕಾರದ ನಿಗಮ ಮತ್ತು ಈ ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಮಾಡಿಕೊಂಡವು. ಹಳ್ಳಿಗಳ ದನ ಮೇಯುವ, ಸೌದೆ ಆರಿಸುವ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ನೆಡುವ ಯೋಜನೆ ಅದು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯೋಗಕ್ಕೆ ಬರುವ ಸಸಿಗಳನ್ನು ನೆಟ್ಟರು. ಆ ಸತ್ಯಾಗ್ರಹದ ಹೆಸರು ‘ಕಿತ್ತಿಕೋ ಹಚ್ಚಿಕೋ’. ಮುಂದಾಳತ್ವ ವಹಿಸಿದ ಸಂಘಟನೆಯ ಹೆಸರು, ಗಮನಿಸಿ, ಸಮಾಜ ಪರಿವರ್ತನ ಸಮುದಾಯ. ಪರಿವರ್ತನೆಯನ್ನೇ ಹೆಸರಿನಲ್ಲಿಟ್ಟುಕೊಂಡವರು ಒಂದು ಬದಲಾವಣೆಯನ್ನು ಬೇಡ ಎಂದರು. ಕೆಲವು ವರ್ಷಗಳ ಬಳಿಕ ಆ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು.

ಆ ಹಳ್ಳಿಗರನ್ನು ಬದಲಾವಣೆಗೆ ಒಗ್ಗದ ಜನ ಎನ್ನಲು ಆಗುತ್ತದೆಯೇ? ಅಲ್ಲಿಯವರೆಗೆ ಅರಣ್ಯ ಇಲಾಖೆಯ ಗಾರ್ಡಿನ ಮುಂದೆ ತಲೆಯೆತ್ತದವರು ಆವತ್ತು ಬಂಧನಕ್ಕೂ ಸಿದ್ಧರಾಗಿ ಬಂದಿದ್ದರು. ಅವರು ಬೆಳೆದದ್ದು ನಿರಾಕರಿಸುವ ಮೂಲಕ. ನಮ್ಮ ಶಿಬಿರಗಳು ಬದಲಾವಣೆ ಮತ್ತು ಪ್ರತಿರೋಧವನ್ನು ಎದುರುಬದುರು ನಿಲ್ಲಿಸಿ, ಮೊದಲನೆಯದು ಆರೋಗ್ಯ, ಎರಡನೆಯದು ರೋಗ ಎಂದು ಕಲಿಸುತ್ತವೆ. ಕುಸನೂರಿನ ಜನ ಕೈಯಲ್ಲಿ ಒಂದು ಸಸಿ ಕಿತ್ತು ಇನ್ನೊಂದನ್ನು ಹಚ್ಚಿದರು. ಆ ಎರಡೂ ಕ್ರಿಯೆಗಳಲ್ಲಿ ಯಾವುದು ಬದಲಾವಣೆ, ಯಾವುದು ಪ್ರತಿರೋಧ ಎಂದು ವಿಂಗಡಿಸಲು ನನಗೆ ಸಾಧ್ಯವಾಗಿಲ್ಲ. ಕೇವಲ ಕಿತ್ತು ಸುಮ್ಮನಾಗಿದ್ದರೆ ಅದು ಸಿಟ್ಟು. ಕೀಳದೆ ಪಕ್ಕದಲ್ಲಿ ಹಚ್ಚಿದ್ದರೆ ಅದು ರಾಜಿ.

ಹರಿಹರದಲ್ಲಿ ಹರಿಹರೇಶ್ವರ ದೇವಾಲಯವಿದೆ, ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಒಂದು ಬದಿ ಹರ, ಒಂದು ಬದಿ ಹರಿ. ಶೈವ ವೈಷ್ಣವ ಸಮನ್ವಯದ ಸಂಕೇತ ಎಂದು ಪಠ್ಯಗಳಲ್ಲಿ ಓದಿದ್ದೇವೆ. ಮೊನ್ನೆ ಅಲ್ಲಿ ನಿಂತಾಗ ನಾನು ನೋಡುತ್ತಿದ್ದದ್ದು ಎರಡೂ ಬದಿ ಸೇರುವ ನಡುಗೆರೆಯನ್ನು. ಅದು ಎಲ್ಲಿದೆ ಎಂದು ಕಣ್ಣಿಗೆ ಸಿಗುವುದಿಲ್ಲ, ಕಲ್ಲು ಒಂದೇ. ಬದಲಾಗುವವರ ಸ್ಥಿತಿ ಬಹುಶಃ ಇದೇ, ಅರ್ಧ ಹಳಬರು ಅರ್ಧ ಹೊಸಬರು. ನನ್ನ ಮಾತಿನಲ್ಲಿ ಒಂದು ವಾಕ್ಯ ನಿಟ್ಟುವಳ್ಳಿಯದು, ಮುಂದಿನದು ಸೆಮಿನಾರಿನದು. ಮೊದಲು ಇದರಿಂದ ನಾಚಿಕೆಯಾಗುತ್ತಿತ್ತು. ಈಗ ಹಾಗಿಲ್ಲ.

ಹೋದ ತಿಂಗಳು ಮನೆಯಲ್ಲಿ ಒಂದು ಹೊಸ ಚರ್ಚೆ. ರೊಟ್ಟಿ ಮಾಡುವ ಯಂತ್ರ ತರೋಣ ಎಂದು ಚಿಕ್ಕಪ್ಪನ ಹಟ. ಗಂಟೆಗೆ ನೂರಾರು ರೊಟ್ಟಿ, ಒಂದೇ ಗಾತ್ರ, ಒಂದೇ ದಪ್ಪ. ಎಪ್ಪತ್ತೆಂಟರ ಅಜ್ಜಿಗೆ ಈಗ ಹೆಚ್ಚು ಹೊತ್ತು ತಟ್ಟಲು ಆಗುವುದಿಲ್ಲ. ಆದರೆ ಜೊತೆಗೆ ಕೆಲಸಕ್ಕೆ ಬರುವ ನಾಲ್ಕು ಹೆಂಗಸರಿದ್ದಾರೆ. ಅಜ್ಜಿ ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಪರಿಚಯದವರ ಅಂಗಡಿಗೆ ಹೋಗಿ ಯಂತ್ರದ ಮುಂದೆ ಅರ್ಧ ಗಂಟೆ ಕೂತು, ಬಿದ್ದ ರೊಟ್ಟಿಯನ್ನು ಮುರಿದು, ಅಂಚನ್ನು ಬೆರಳಲ್ಲಿ ಒತ್ತಿ ನೋಡಿ ಬಂದರು. ಮನೆಗೆ ಬಂದವರೇ ಚಿಕ್ಕಪ್ಪನನ್ನು ಕೇಳಿದ್ದು ಎರಡು ಪ್ರಶ್ನೆ. ಯಂತ್ರ ಕೆಟ್ಟರೆ ರಿಪೇರಿ ಮಾಡೋನು ಎಲ್ಲಿಂದ ಬರ್ತಾನೆ? ಈ ನಾಲ್ಕು ಮಂದಿಗೆ ಅದನ್ನ ನಡೆಸೋದು ಯಾರು ಕಲಿಸ್ತಾರೆ?

ಪಕ್ಕದಲ್ಲಿ ಕೂತಿದ್ದ ಅಜ್ಜ ಆವತ್ತು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಯಂತ್ರದ ಕರಪತ್ರ ಅವರ ಕೈಯಲ್ಲಿತ್ತು. ಮೋಟಾರು ಎಷ್ಟು ಹಾರ್ಸ್‌ಪವರ್ ಎಂದು ಬರೆದಿರುವ ಸಾಲನ್ನು ಹುಡುಕಿಕೊಡು ಎಂದು ನನ್ನನ್ನು ಕರೆದರು. ಚಿಕ್ಕಪ್ಪ ಇನ್ನೂ ಉತ್ತರ ತಂದಿಲ್ಲ.